ಕುಂಚವಿಲ್ಲದ ಮೋಟಾರು, ಓಟದ ಪುಟ್ಟ ಕಾರು

ಜಾತ್ರೆಯಲ್ಲಿ ಕೊಂಡ ಬ್ಯಾಟರಿ ಕಾರು ಕೆಟ್ಟಾಗ ಅದನ್ನು ಬಿಚ್ಚಿ ನೋಡಿದ್ದೀರಾ? ಒಳಗೆ ಹೆಬ್ಬೆರಳಿನ ಗಾತ್ರದ ಒಂದು ಮೋಟಾರು ಇರುತ್ತದೆ. ಅದರ ತಗಡಿನ ಹೊದಿಕೆಯೊಳಗೆ ಬಾಗಿದ ಕಾಂತಗಳು, ನಡುವೆ ತಾಮ್ರದ ತಂತಿ ಸುತ್ತಿದ ತಿರುಗುವ ಭಾಗ, ಹಿಂದುಗಡೆ ಎರಡು ಸಣ್ಣ ಲೋಹದ ಪಟ್ಟಿಗಳು ಕಾಣುತ್ತವೆ. ಈ ಪಟ್ಟಿಗಳನ್ನು ಕುಂಚ, ಅಂದರೆ ಬ್ರಷ್ ಎನ್ನುತ್ತಾರೆ. ತಿರುಗುವ ಸುರುಳಿಗೆ ವಿದ್ಯುತ್ತನ್ನು ಮುಟ್ಟಿಸುವುದು ಇವುಗಳ ಕೆಲಸ.

ಆಟಿಕೆಯಲ್ಲಿ ಇಷ್ಟು ಸಾಕು. ಆದರೆ ರೇಡಿಯೋ ಅಲೆಗಳಿಂದ ದೂರದಲ್ಲೇ ನಿಂತು ನಡೆಸುವ ಓಟದ ಕಾರುಗಳಿವೆ. ನಿಜವಾದ ಕಾರಿನ ಹತ್ತನೇ ಒಂದರಷ್ಟು ಗಾತ್ರದ ಇಂಥ ವಿದ್ಯುತ್ ಕಾರುಗಳಿಗೆ ಮಣ್ಣಿನ ಹಾದಿಯ ಮೊದಲ ವಿಶ್ವ ಸ್ಪರ್ಧೆ 1985ರಲ್ಲಿ ಅಮೆರಿಕದ ಡೆಲ್ ಮಾರ್ ಎಂಬಲ್ಲಿ ನಡೆಯಿತು. ಆಗ ಓಡಿದವು ಕುಂಚದ ಮೋಟಾರುಗಳು. ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುವಾಗ ಕುಂಚಗಳು ಉಜ್ಜಿ ಸವೆಯುತ್ತಿದ್ದವು, ಕಿಡಿ ಹಾರುತ್ತಿತ್ತು, ಮೋಟಾರು ಕಾಯುತ್ತಿತ್ತು. ಸ್ಪರ್ಧಿಗಳು ಅದನ್ನು ಆಗಾಗ ಬಿಚ್ಚಿ ಒರೆಸಿ, ಹೊಸ ಕುಂಚ ಹಾಕಬೇಕಿತ್ತು. ಇಂದಿನ ಓಟದ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಕುಂಚವಿಲ್ಲದ ಮೋಟಾರು, ಅಂದರೆ ಬ್ರಷ್‌ಲೆಸ್ ಮೋಟಾರು.

ಕುಂಚವಿಲ್ಲದೆ ತಿರುಗುವುದು ಹೇಗೆ?

ಒಂದು ದಿಕ್ಸೂಚಿಯನ್ನು ಮೇಜಿನ ಮೇಲಿಡಿ. ತುಸು ದೂರದಿಂದ ದಂಡಕಾಂತವನ್ನು ಅದರ ಸುತ್ತ ಮೆಲ್ಲಗೆ ತಿರುಗಿಸಿ. ಸೂಜಿಯೂ ಅದರ ಹಿಂದೆಯೇ ತಿರುಗುತ್ತದೆ, ಅಲ್ಲವೇ? ಈಗ ಕಾಂತವನ್ನು ಸರಕ್ಕನೆ ಬೀಸಿ. ಸೂಜಿ ದಾರಿ ತಪ್ಪಿ ಅತ್ತಿತ್ತ ನಡುಗುತ್ತದೆ.

ಕುಂಚವಿಲ್ಲದ ಮೋಟಾರಿನಲ್ಲಿಯೂ ನಡೆಯುವುದು ಇದೇ. ಇಲ್ಲಿ ತಿರುಗುವುದು ಕಾಂತ. ತಂತಿಯ ಸುರುಳಿಗಳು ಸುತ್ತಲೂ ಅಲುಗದೆ ಕೂತಿರುತ್ತವೆ. ತಿರುಗುವ ಭಾಗಕ್ಕೆ ವಿದ್ಯುತ್ ಬೇಕಿಲ್ಲವಾದ್ದರಿಂದ ಕುಂಚವೂ ಬೇಕಿಲ್ಲ. ಮೋಟಾರಿನಿಂದ ಮೂರು ದಪ್ಪ ತಂತಿಗಳು ವೇಗ ನಿಯಂತ್ರಕ ಎಂಬ ಪೆಟ್ಟಿಗೆಗೆ ಹೋಗುತ್ತವೆ. ಅದು ಸುರುಳಿಗಳಿಗೆ ಒಂದಾದ ಮೇಲೊಂದರಂತೆ ವಿದ್ಯುತ್ ಹರಿಸುತ್ತದೆ. ಕಾಂತಬಲ ಸುತ್ತುತ್ತದೆ, ನಡುವಿನ ಕಾಂತ ಅದನ್ನು ಹಿಂಬಾಲಿಸುತ್ತದೆ. ಪ್ರಯೋಗದಲ್ಲಿ ನಿಮ್ಮ ಕೈ ಮಾಡಿದ ಕೆಲಸವನ್ನೇ ಇಲ್ಲಿ ನಿಯಂತ್ರಕ ಮಾಡುತ್ತದೆ.

ಕಾಂತ ಈಗ ಎಲ್ಲಿದೆ ಎಂಬುದು ನಿಯಂತ್ರಕಕ್ಕೆ ತಿಳಿದಿರಬೇಕು. ಇಲ್ಲವಾದರೆ ದಿಕ್ಸೂಚಿಯ ಸೂಜಿಯಂತೆ ಅದೂ ನಡುಗೀತು. ಇದಕ್ಕಾಗಿ ಓಟದ ಮೋಟಾರುಗಳಲ್ಲಿ ಪುಟ್ಟ ಸಂವೇದಕಗಳನ್ನು ಇಟ್ಟಿರುತ್ತಾರೆ. ಅವು ಇದ್ದರೆ ಕಾರು ತಡವರಿಸದೆ ನುಣುಪಾಗಿ ಹೊರಡುತ್ತದೆ.

ಯಾವ ಮೋಟಾರು ಆರಿಸಬೇಕು?

ಮೋಟಾರಿನ ಮೇಲೆ 3000 ಕೆವಿ ಎಂದು ಬರೆದಿದೆ ಎಂದುಕೊಳ್ಳಿ. ಇದು ಕಿಲೋವೋಲ್ಟ್ ಅಲ್ಲ! ಹೊರೆಯಿಲ್ಲದೆ ಓಡುವಾಗ ಒಂದು ವೋಲ್ಟಿಗೆ ನಿಮಿಷಕ್ಕೆ 3000 ಸುತ್ತು ಎಂದು ಇದರ ಅರ್ಥ. ಇಂಥ ಕಾರುಗಳಲ್ಲಿ ಹೆಚ್ಚಾಗಿ ಬಳಸುವ ಎರಡು ಕೋಶಗಳ ಲಿಥಿಯಂ ಬ್ಯಾಟರಿಯ ವಿಭವ 7.4 ವೋಲ್ಟ್. ಲೆಕ್ಕ ಮಾಡೋಣ.

3000 × 7.4 = ನಿಮಿಷಕ್ಕೆ 22,200 ಸುತ್ತು.

ಮೋಟಾರು 6 ಸುತ್ತು ಸುತ್ತಿದಾಗ ಚಕ್ರ 1 ಸುತ್ತು ಸುತ್ತುವಂತೆ ಹಲ್ಲುಗಾಲಿಗಳನ್ನು ಜೋಡಿಸಿದ್ದರೆ, ಚಕ್ರ ನಿಮಿಷಕ್ಕೆ 3700 ಸುತ್ತು ಸುತ್ತುತ್ತದೆ. ಚಕ್ರದ ಸುತ್ತಳತೆ 20 ಸೆಂಟಿಮೀಟರ್ ಆದರೆ ಕಾರು ನಿಮಿಷಕ್ಕೆ 740 ಮೀಟರ್, ಅಂದರೆ ಗಂಟೆಗೆ 44.4 ಕಿಲೋಮೀಟರ್ ಓಡಬೇಕು. ಗಾಳಿಯ ತಡೆ, ಘರ್ಷಣೆಗಳಿಂದಾಗಿ ನಿಜವಾದ ವೇಗ ಇದಕ್ಕಿಂತ ಕಡಿಮೆ.

ಹಾಗಾದರೆ 6000 ಕೆವಿ ಮೋಟಾರು ಹಾಕಿದರೆ ವೇಗ ಎರಡರಷ್ಟಾಗಿ ಗೆಲುವು ನಮ್ಮದೇ ಎನ್ನುವಿರಾ? ತುಸು ನಿಲ್ಲಿ! ಒಂದೇ ಗಾತ್ರದ ಮೋಟಾರುಗಳಲ್ಲಿ ಕೆವಿ ಎರಡರಷ್ಟಾದರೆ ಅಷ್ಟೇ ತಿರುಗುಬಲ ಕೊಡಲು ಎರಡರಷ್ಟು ವಿದ್ಯುತ್ ಪ್ರವಾಹ ಬೇಕು. ಪ್ರವಾಹ ಎರಡರಷ್ಟಾದರೆ ಅದೇ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟು. ಬ್ಯಾಟರಿ ಬೇಗ ಬರಿದಾಗುತ್ತದೆ, ನಿಯಂತ್ರಕ ಕಾಯುತ್ತದೆ. ಐದು ನಿಮಿಷದ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದ ಕಾರು ಮೂರನೇ ನಿಮಿಷಕ್ಕೆ ಬಿಸಿಯಾಗಿ ನಿಂತರೆ ಏನು ಲಾಭ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮೋಟಾರಿಗೂ ಸಲ್ಲುತ್ತದೆ.

ಓಟದ ಮೋಟಾರುಗಳನ್ನು ಸುರುಳಿಯ ಸುತ್ತುಗಳಿಂದಲೂ ಗುರುತಿಸುತ್ತಾರೆ. ಸುತ್ತು ಕಡಿಮೆಯಾದಷ್ಟೂ ವೇಗ ಹೆಚ್ಚು. ಹಲವು ಸ್ಪರ್ಧೆಗಳಲ್ಲಿ ಎಲ್ಲರೂ 17.5 ಸುತ್ತಿನ ಮೋಟಾರನ್ನೇ ಬಳಸಬೇಕೆಂಬ ನಿಯಮವಿದೆ. ಆಗ ಮೋಟಾರಿನ ಬೆಲೆಗಿಂತ ಓಡಿಸುವವರ ಜಾಣ್ಮೆಗೆ ಹೆಚ್ಚು ಬೆಲೆ.

ಜೋಡಿಸುವ ಬಗೆ

1. ಸಂವೇದಕವಿರುವ ಮೋಟಾರಿನ ಮೂರು ತಂತಿಗಳನ್ನು ಎ, ಬಿ, ಸಿ ಗುರುತು ನೋಡಿಯೇ ಜೋಡಿಸಬೇಕು. ಅದಲುಬದಲಾಗಬಾರದು.

2. ಮೋಟಾರಿನ ಸಣ್ಣ ಹಲ್ಲುಗಾಲಿಯೂ ಅದು ತಿರುಗಿಸುವ ದೊಡ್ಡ ಹಲ್ಲುಗಾಲಿಯೂ ತೀರಾ ಬಿಗಿಯಾಗಿ ಕಚ್ಚಬಾರದು, ತೀರಾ ಸಡಿಲವಾಗಿಯೂ ಇರಬಾರದು. ಎರಡರ ನಡುವೆ ತೆಳುವಾದ ಕಾಗದದ ಪಟ್ಟಿ ಇಟ್ಟು, ತಿರುಪುಗಳನ್ನು ಬಿಗಿದು, ಕಾಗದವನ್ನು ತೆಗೆದರೆ ಅಂತರ ಸರಿಯಾಗಿ ಉಳಿಯುತ್ತದೆ.

3. ಮೊದಲು ಕಡಿಮೆ ಹಲ್ಲಿನ ಸಣ್ಣ ಗಾಲಿಯನ್ನೇ ಹಾಕಬೇಕು. ಗೇರಿರುವ ಸೈಕಲ್ಲಿನಲ್ಲಿ ಏರು ಹತ್ತುವಾಗ ಹಗುರ ಗೇರು ಹಾಕಿದಂತೆ ಇದು ಮೋಟಾರಿನ ಹೊರೆಯನ್ನು ಇಳಿಸುತ್ತದೆ.

4. ಎರಡು ಮೂರು ನಿಮಿಷ ಓಡಿಸಿ ಮೋಟಾರಿನ ಉಷ್ಣತೆ ಅಳೆಯಬೇಕು. ಮುಟ್ಟದೆಯೇ ಅಳೆಯುವ ಉಷ್ಣತಾಮಾಪಕಗಳು ಸಿಗುತ್ತವೆ. ಉಷ್ಣತೆ 70ರಿಂದ 80 ಡಿಗ್ರಿ ಸೆಲ್ಸಿಯಸ್ ದಾಟದಂತೆ ಅನೇಕ ಸ್ಪರ್ಧಿಗಳು ನೋಡಿಕೊಳ್ಳುತ್ತಾರೆ. ಅತಿಯಾಗಿ ಕಾದ ಕಾಂತ ತನ್ನ ಬಲವನ್ನೇ ಕಳೆದುಕೊಳ್ಳುತ್ತದೆ. ತಣಿದ ಮೇಲೂ ಅದು ಪೂರ್ತಿ ಮರಳದಿರಬಹುದು.

5. ಮೋಟಾರು ತಣ್ಣಗಿದ್ದರೆ ಒಂದು ಹಲ್ಲು ಹೆಚ್ಚಿರುವ ಗಾಲಿ ಹಾಕಿ ಮತ್ತೆ ಓಡಿಸಿ, ಮತ್ತೆ ಅಳೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಇದು ವಿಜ್ಞಾನದ ದಾರಿಯೂ ಹೌದು.

ಎಚ್ಚರಿಕೆ: ಲಿಥಿಯಂ ಬ್ಯಾಟರಿಯನ್ನು ಚುಚ್ಚಬೇಡಿ, ಅದರ ಎರಡು ತಂತಿಗಳನ್ನು ಒಂದಕ್ಕೊಂದು ತಾಗಿಸಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು. ಹಿರಿಯರು ಹತ್ತಿರವಿರುವಾಗಲೇ ಚಾರ್ಜ್ ಮಾಡಿ.

ಇಂಥ ಕಾರನ್ನು ನೀವು ಕಂಡಿಲ್ಲದಿರಬಹುದು. ಆದರೆ ಸದ್ದಿಲ್ಲದೆ ಹಾದುಹೋಗುವ ವಿದ್ಯುತ್ ಸ್ಕೂಟರುಗಳಲ್ಲಿ, ಬಿಎಲ್‌ಡಿಸಿ ಎಂದು ಬರೆದ ಸೀಲಿಂಗ್ ಫ್ಯಾನುಗಳಲ್ಲಿ ಇರುವುದೂ ಕುಂಚವಿಲ್ಲದ ಮೋಟಾರೇ. ಹಳೆಯ ಬಗೆಯ ಫ್ಯಾನಿಗೆ ಸುಮಾರು 75 ವ್ಯಾಟ್ ಬೇಕಾದರೆ ಇದಕ್ಕೆ ಸುಮಾರು 30 ವ್ಯಾಟ್ ಸಾಕು. ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ ಎಷ್ಟು ಯೂನಿಟ್ ಉಳಿಯುತ್ತದೆ? ನೀವೇ ಲೆಕ್ಕ ಮಾಡಿ, ಮನೆಯವರಿಗೂ ತಿಳಿಸಿ.