ಶಟರ್ ಎಳೆದ ಮೇಲೆ ಗಾಳಿ ಎಲ್ಲಿಂದ ಬರಬೇಕು?

ಮೈಸೂರು: ಮುಚ್ಚಿದ ಅಂಗಡಿಗೆ ಎರಡೇ ಗತಿ. ‘ಬಾಡಿಗೆಗೆ ಇದೆ’ ಅನ್ನೋ ಬೋರ್ಡು ಬಿಸಿಲಿಗೆ ಬಣ್ಣ ಬಿಡುವ ತನಕ ಕಾಯುವುದು ಒಂದು. ಗಲ್ಲಾಪೆಟ್ಟಿಗೆ ಇದ್ದ ಕಡೆ ಮಂಚ, ತಕ್ಕಡಿ ಇದ್ದ ಕಡೆ ಗ್ಯಾಸ್ ಒಲೆ ಇಟ್ಟು ಮನೆ ಅಂತ ಬಾಡಿಗೆಗೆ ಕೊಡುವುದು ಇನ್ನೊಂದು. ಇದಕ್ಕೆ ಈಗಿನ ಹೆಸರು ‘ಸ್ಟುಡಿಯೋ ಫ್ಲಾಟು’!

2020ರ ಲಾಕ್‌ಡೌನಿನಲ್ಲಿ ಎಳೆದ ಶಟರನ್ನು ಮತ್ತೆ ಎತ್ತಲಾರದೆ ಹೋದ ಸಣ್ಣ ವ್ಯಾಪಾರಿಗಳು ಎಲ್ಲ ಊರಿನಲ್ಲೂ ಇದ್ದಾರೆ. ಮೊಬೈಲ್ ಒತ್ತಿದರೆ ಉಪ್ಪು, ಹುಣಸೆಹಣ್ಣೂ ಮನೆ ಬಾಗಿಲಿಗೆ ಬರುವ ಕಾಲ ಇದು. ಮಾಲೀಕರಾದರೂ ಏನು ಮಾಡಿಯಾರು? ಖಾಲಿ ಬಿದ್ದ ಜಾಗಕ್ಕೂ ಕಂದಾಯ ತಪ್ಪಿದ್ದಲ್ಲ. ಅತ್ತ ಓದುವ ಹುಡುಗರಿಗೆ, ಕೆಲಸಕ್ಕೆ ಅಂತ ಬಂದ ಒಂಟಿ ಜನಕ್ಕೆ ಬಸ್‌ ಸ್ಟಾಂಡಿಗೆ ಹತ್ತಿರ ಒಂದು ಕೋಣೆ ಬೇಕು. ಇಬ್ಬರಿಗೂ ಅನುಕೂಲವೇ. ಆದರೆ ಅಂಗಡಿ ಕಟ್ಟಿದ್ದು ಜನ ಬಂದು ಹೋಗಲಿಕ್ಕೆ, ರಾತ್ರಿ ಮಲಗಲಿಕ್ಕಲ್ಲ. ತಂಟೆ ಶುರುವಾಗೋದೇ ಅಲ್ಲಿ.

ಮಿಕ್ಕಿದ್ದು ಹದಿನಾಲ್ಕು ಚದರಡಿ

ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಮಳಿಗೆ ಅಂತ ಇಟ್ಟುಕೊಳ್ಳಿ. ಒಟ್ಟು 200 ಚದರಡಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆ ಕನಿಷ್ಠ 9.5 ಚದರ ಮೀಟರ್, ಅಡುಗೆಮನೆ 5, ಬಚ್ಚಲು-ಪಾಯಿಖಾನೆ ಸೇರಿ 2.8 ಇರಬೇಕು. ಅಡಿ ಲೆಕ್ಕದಲ್ಲಿ ಕೂಡಿದರೆ ಸುಮಾರು 186. ಮಿಕ್ಕಿದ್ದು ಹದಿನಾಲ್ಕು ಚದರಡಿ! ನಡುಗೋಡೆ ಎದ್ದರೆ ಅದರಲ್ಲೂ ಅರ್ಧ ಹೋಯಿತು. ಹಾಳೆಯ ಮೇಲೆ ಹೇಗೋ ಹಿಡಿಸುತ್ತೆ, ಚಪ್ಪಲಿ ಬಿಡೋದೆಲ್ಲಿ ಅಂತ ಮಾತ್ರ ಕೇಳಬೇಡಿ.

ಮೂಟೆ ಇಡುತ್ತಿದ್ದ ಅಟ್ಟದ ಮೇಲೆ ಹಾಸಿಗೆ ಹಾಕಿದರಾಯಿತು ಅನ್ನುವ ಬುದ್ಧಿವಂತರೂ ಇದ್ದಾರೆ. ವಾಸದ ಕೋಣೆಗೆ 2.75 ಮೀಟರ್, ಅಂದರೆ ಒಂಬತ್ತಡಿ ಎತ್ತರ ಬೇಕು. ಅಟ್ಟವಿದ್ದ ಕಡೆ ಮೇಲಿನವನಿಗೂ ಅದು ಸಿಗೋದಿಲ್ಲ, ಕೆಳಗಿನವನಿಗೂ ಸಿಗೋದಿಲ್ಲ. ಬೇಸಿಗೆಯಲ್ಲಿ ತಾರಸಿಯ ಕಾವು ನೇರ ತಲೆಗೇ.

ಹಿತ್ತಲ ಬಾಗಿಲು ಏನಾಯಿತು?

ಹಿಂದೆ ಪೇಟೆ ಬೀದಿಯ ಶೆಟ್ಟರು ಅಂಗಡಿಯಲ್ಲೇ ವಾಸ ಇರಲಿಲ್ಲವೇ ಅಂತ ಕೇಳಬಹುದು. ಇದ್ದರು. ಮುಂದೆ ಅಂಗಡಿ, ಹಿಂದೆ ಮನೆ, ಮಧ್ಯೆ ತೊಟ್ಟಿ. ಗಾಳಿ, ಬೆಳಕು ತೊಟ್ಟಿಯಿಂದ ಬರುತ್ತಿತ್ತು. ಮುಂದೆ ಅಣ್ಣತಮ್ಮಂದಿರ ಪಾಲಾದಾಗ ಅಂಗಡಿ ಒಬ್ಬರಿಗೆ, ಮನೆ ಇನ್ನೊಬ್ಬರಿಗೆ ಹೋದರೆ ಹಿತ್ತಲ ಬಾಗಿಲಿಗೆ ಇಟ್ಟಿಗೆ ಬಿತ್ತು ಅಂತಲೇ ಲೆಕ್ಕ. ಎಡಬಲದ ಗೋಡೆ ಪಕ್ಕದವರ ಜೊತೆ ಹಂಚಿಕೊಂಡದ್ದು, ಅಲ್ಲಿ ಕಿಟಕಿ ಇಡೋ ಹಾಗಿಲ್ಲ. ಉಳಿದದ್ದು ಶಟರ್ ಒಂದೇ. ಅದನ್ನೂ ಎಳೆದರೆ?

ಒಣ ಹವೆಯ ಊರಿನಲ್ಲೂ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗದಷ್ಟಾದರೂ ಕಿಟಕಿ ಬೇಕು ಅನ್ನುತ್ತದೆ ಅದೇ ಸಂಹಿತೆ. ನೂರು ಚದರಡಿ ಕೋಣೆಗೆ ಹತ್ತು ಚದರಡಿ. ಇದು ಚೆಂದದ ಮಾತಲ್ಲ, ಜೀವದ ಮಾತು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕೂತಲ್ಲೇ ಪ್ರಾಣ ಬಿಡುತ್ತಾರೆ. ಇನ್ನು ಒಲೆಯನ್ನು ಶಟರಿನ ಪಕ್ಕದಲ್ಲಿಟ್ಟು, ಹಿಂದೆ ಮಂಚ ಹಾಕಿದರೆ ಬೆಂಕಿ ಬಿದ್ದ ದಿನ ಓಡಲು ದಾರಿಯೇ ಇಲ್ಲ. ಆದ್ದರಿಂದ ಮೊದಲ ಖರ್ಚು ಟೈಲ್ಸಿಗಲ್ಲ. ಶಟರ್ ಕಿತ್ತು ಗೋಡೆ ಕಟ್ಟಿ, ಒಳಗಿನಿಂದ ಸಲೀಸಾಗಿ ತೆಗೆಯುವ ಬಾಗಿಲು, ಪಕ್ಕಕ್ಕೊಂದು ಕಿಟಕಿ ಇಡಬೇಕು. ಹಿಂಬದಿಗೆ ಸ್ವಂತ ಸಂದಿ ಇದ್ದರೆ ಅಲ್ಲೂ ಒಂದು ಕಿಟಕಿ.

ಆರಿಂಚಿನ ತಕರಾರು

ಅಂಗಡಿಗೆ ಪಾಯಿಖಾನೆ ಇರಲಿಲ್ಲ. ಹಿಂದುಗಡೆ ಕಟ್ಟಿದರೆ ಕೊಳವೆ ಇಪ್ಪತ್ತಡಿ ಹಾದು ಬೀದಿಯ ಒಳಚರಂಡಿ ಸೇರಬೇಕು. ನಲವತ್ತಕ್ಕೆ ಒಂದರ ಇಳಿಜಾರು ಕೊಟ್ಟರೆ ಆರಿಂಚು ಇಳಿಬೇಕು. ಅಂಗಡಿಯ ನೆಲವೋ ರಸ್ತೆಗೆ ಸಮ! ನೆಲ ಎತ್ತರಿಸದೆ ಕೊಳವೆ ಹಾಕಿದರೆ ಮಳೆಗಾಲದಲ್ಲಿ ಹೋಗಬೇಕಾದ್ದು ವಾಪಸ್ ಬರುತ್ತೆ. ಎತ್ತರಿಸಿದರೆ ಛಾವಣಿಯ ಎತ್ತರಕ್ಕೆ ಕತ್ತರಿ.

ಸಂತೇಪೇಟೆ, ಶಿವರಾಂಪೇಟೆಯಂಥ ಹಳೇ ಬೀದಿಗಳ ಸುಣ್ಣದ ಗಾರೆ ಗೋಡೆಗೆ ಸುತ್ತಿಗೆ ಹಾಕುವ ಮುನ್ನ ಅದು ತಾರಸಿ ಹೊತ್ತಿದೆಯೋ ಇಲ್ಲವೋ ಅಂತ ಎಂಜಿನಿಯರಿಗೆ ತೋರಿಸಬೇಕು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದದ್ದನ್ನು ಮೈಸೂರಿನವರು ಮರೆತಿಲ್ಲ.

ಮೀಟರೂ ಮನೆಯದಾಗಲಿ

ಒಳಗೆ ಮಂಚ ಬಂದ ಮಾತ್ರಕ್ಕೆ ಕಾಗದದಲ್ಲಿ ಮನೆ ಆಗೋದಿಲ್ಲ. ಪಾಲಿಕೆಯ ದಾಖಲೆಯಲ್ಲಿ ಅದು ಇನ್ನೂ ವಾಣಿಜ್ಯ. ಉಪಯೋಗ ಬದಲಾಯಿಸಲು ಅನುಮತಿ ಕೇಳಬೇಕು, ವಿದ್ಯುತ್ ಸಂಪರ್ಕವನ್ನು ಗೃಹಬಳಕೆಗೆ ಬದಲಿಸಲು ಅರ್ಜಿ ಹಾಕಬೇಕು. ಮೀಟರ್ ಅಂಗಡಿಯದೇ ಆಗಿ ಉಳಿದರೆ ಬಾಡಿಗೆದಾರ ಅಂಗಡಿ ದರ ಕಟ್ಟುತ್ತಲೇ ಇರಬೇಕು. 2023ರಲ್ಲಿ ಶುರುವಾದ ಗೃಹಜ್ಯೋತಿ ಬಾಡಿಗೆ ಮನೆಯವರಿಗೂ ಉಂಟು, ಆದರೆ ಗೃಹಬಳಕೆಯ ಮೀಟರಿಗೆ ಮಾತ್ರ. ತಿಂಗಳ ಬಾಡಿಗೆ ಕಮ್ಮಿ ಅಂತ ಒಪ್ಪಿಕೊಂಡವರಿಗೆ ಕರೆಂಟ್ ಬಿಲ್ಲು ಬಂದಾಗ ಗೊತ್ತಾಗುತ್ತೆ ಕಮ್ಮಿ ಎಷ್ಟು ಅಂತ.

ಅಡ್ವಾನ್ಸ್ ಕೊಡುವವರೂ ತೆಗೆದುಕೊಳ್ಳುವವರೂ ಒಂದು ಪರೀಕ್ಷೆ ಮಾಡಬಹುದು. ಖರ್ಚಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಇಬ್ಬರೂ ಒಳಗೆ ಹೋಗಿ, ಶಟರ್ ಎಳೆದು, ಹತ್ತು ನಿಮಿಷ ಕೂತು ಬರಲಿ. ಬಾಡಿಗೆ ಎಷ್ಟು ಅನ್ನೋ ಮಾತು ಆಮೇಲೆ.