ಡಾಕ್ಟರೂ ಆಗಬೇಕು, ವಿಜ್ಞಾನಿಯೂ ಆಗಬೇಕು ಅಂದ್ರೆ ಯಾವ ಪರೀಕ್ಷೆ ಬರೀಬೇಕು?

ತುಮಕೂರಿನಲ್ಲಿ ದ್ವಿತೀಯ ಪಿಯುಸಿ ಓದ್ತಿರೋ ಅಕ್ಕನ ಮಗಳು ಫೋನ್ ಮಾಡಿದ್ದಳು. "ಮಾಮ, ನಂಗೆ ಡಾಕ್ಟರ್ ಆಗ್ಬೇಕು. ಆದ್ರೆ ಬರೀ ಚೀಟಿ ಬರ್ಕೊಂಡು ಕೂರೋಕೆ ಇಷ್ಟ ಇಲ್ಲ, ಲ್ಯಾಬಲ್ಲೂ ಕೆಲಸ ಮಾಡ್ಬೇಕು. ಎರಡೂ ಸೇರಿರೋ ಡಿಗ್ರಿ ಇದ್ಯಾ?" ಎಂಜಿನಿಯರಿಂಗ್ ಮುಗಿಸಿ ಪತ್ರಕರ್ತನಾದ ನನ್ನನ್ನೇ ಈ ಪ್ರಶ್ನೆ ಕೇಳಿದ್ದಾಳಲ್ಲ ಅಂತ ನಗು ಬಂತು. ಉತ್ತರ ಹುಡುಕಲು ಕೂತ ಮೇಲೆ ನಗು ನಿಂತಿತು.

ಹೊರದೇಶಗಳಲ್ಲಿ ಇಂಥ ದಾರಿ ಇದೆ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಶಾಲೆ ಮುಗಿಸಿದ ಕೂಡಲೇ ಮೂರು ವರ್ಷದ ಬಿಎಸ್ಸಿ ಮತ್ತು ನಾಲ್ಕು ವರ್ಷದ ಎಂಡಿಗೆ ಒಟ್ಟಿಗೇ ಪ್ರವೇಶ ಪಡೆಯಬಹುದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಇದೇ ಬಗೆಯ ಎಂಟು ವರ್ಷದ ಕೋರ್ಸ್ ಇದೆ. ಅಲ್ಲೂ ಸೀಟು ಸಿಗೋದು ತುಂಬಾ ಕಷ್ಟ, ಅದು ಬೇರೆ ಮಾತು.

ನಮ್ಮಲ್ಲಿ ಎಂಬಿಬಿಎಸ್ ಅಂದರೆ ಎಂಬಿಬಿಎಸ್ ಅಷ್ಟೇ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಒಳಗೆ ಹೋಗಲು ಇರೋದು ನೀಟ್ ಒಂದೇ: 180 ಪ್ರಶ್ನೆ, 720 ಅಂಕ, ಅದರಲ್ಲಿ ಅರ್ಧ ಜೀವಶಾಸ್ತ್ರ. ಗಣಿತ ಇಲ್ಲವೇ ಇಲ್ಲ. ಬಿಎಸ್ಸಿ ಮಾಡಿ ಆಮೇಲೆ ಡಾಕ್ಟರ್ ಆಗ್ತೀನಿ ಅಂದ್ರೂ ಮತ್ತೆ ನೀಟ್ ಬರೆದು ಮೊದಲ ವರ್ಷದಿಂದಲೇ ಶುರು ಮಾಡಬೇಕು.

ಹಾಗಾಗಿ ಎರಡೂ ಬೇಕು ಅನ್ನುವವರ ಮುಂದೆ ಎರಡು ದಾರಿ ಉಳಿಯುತ್ತವೆ.

ಒಂದು, ಪಿಯುಸಿ ಆದ ತಕ್ಷಣ ಸಿಗೋದು. ಐಐಟಿ ಮದ್ರಾಸ್ 2023ರಲ್ಲಿ ವೈದ್ಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸೇರಿಸಿ ನಾಲ್ಕು ವರ್ಷದ ಬಿಎಸ್ ಪದವಿ ಶುರು ಮಾಡಿತು. ಪ್ರವೇಶ ಐಎಟಿ ಮೂಲಕ, ಅಂದರೆ ಐಸರ್ ಸಂಸ್ಥೆಗಳು ನಡೆಸುವ ಪರೀಕ್ಷೆ. ಬೆಂಗಳೂರಿನ ಐಐಎಸ್‌ಸಿಯ ಬಿಎಸ್ ಕೋರ್ಸಿಗೂ ಅದರಿಂದ ಹೋಗಬಹುದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಒಂದೊಂದರಲ್ಲಿ 15 ಪ್ರಶ್ನೆ, ಒಟ್ಟು 240 ಅಂಕ. ಯಾವುದನ್ನೂ ಬಿಡೋ ಹಾಗಿಲ್ಲ. ಪಿಸಿಎಂಬಿ ತಗೊಂಡವರಿಗೆ ಹೇಳಿ ಮಾಡಿಸಿದ ಪರೀಕ್ಷೆ. ಜೀವಶಾಸ್ತ್ರ ಹೊರೆ ಅಂತ ಅದನ್ನು ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡ ನನ್ನಂಥವರಿಗಲ್ಲ. ಆದರೆ ಒಂದು ಎಚ್ಚರ: ಈ ಪದವಿ ಪಡೆದವರು ವೈದ್ಯಕೀಯ ಉಪಕರಣ ಮಾಡಬಹುದು, ಸಂಶೋಧನೆ ಮಾಡಬಹುದು, ರೋಗಿಗೆ ಔಷಧಿ ಬರೆಯುವಂತಿಲ್ಲ. ಹೆಸರಲ್ಲಿ 'ವೈದ್ಯ' ಇದೆ ಅಂತ ಮನೆಯವರು ಮೋಸ ಹೋಗಬಾರದು.

ಎರಡನೆಯದು, ಎಂಬಿಬಿಎಸ್ ಆದ ಮೇಲೆ ಎಂಡಿ-ಪಿಎಚ್‌ಡಿ. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಐಐಎಸ್‌ಸಿಗೆ 425 ಕೋಟಿ ರೂಪಾಯಿ ಕೊಡಲು ಒಪ್ಪಿದಾಗ ಸಂಸ್ಥೆ ಘೋಷಿಸಿದ ಸ್ನಾತಕೋತ್ತರ ವೈದ್ಯಕೀಯ ಶಾಲೆ ಮತ್ತು 800 ಹಾಸಿಗೆಯ ಆಸ್ಪತ್ರೆಯ ಮುಖ್ಯ ಗುರಿಯೇ ಇದು, ವೈದ್ಯ-ವಿಜ್ಞಾನಿಗಳನ್ನು ತಯಾರು ಮಾಡೋದು. ಲೆಕ್ಕ ಹಾಕಿ: ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಡಿ ಮತ್ತು ಪಿಎಚ್‌ಡಿಗೆ ಇನ್ನೂ ಆರೇಳು ವರ್ಷವಾದರೂ ಬೇಕು. ಸ್ಟೈಪೆಂಡ್ ಬರುತ್ತೆ ನಿಜ. ಆದರೂ ಮೂವತ್ತು ದಾಟುವವರೆಗೆ ಮಗಳ ಸಂಬಳಕ್ಕೆ ಕಾಯಬಲ್ಲ ಮನೆಗಳು ಎಷ್ಟಿವೆ?

ನನಗೆ ಜಾಸ್ತಿ ಚುಚ್ಚಿದ್ದು ಮೊದಲನೇ ದಾರಿ. ಅದು ಬೇಗ ಮುಗಿಯುತ್ತೆ, ಕಡಿಮೆ ಕಾಯಿಸುತ್ತೆ. ಬಡವರ ಮಕ್ಕಳಿಗೆ ಹತ್ತಿರವಾಗಬೇಕಿದ್ದದ್ದು ಅದೇ. ಆದರೆ ನೀಟ್ ಅನ್ನು ಕನ್ನಡದಲ್ಲಿ ಬರೆಯಬಹುದು, ಐಎಟಿಯಲ್ಲಿ ಕನ್ನಡ ಇಲ್ಲ. ಕೆಇಎ ನಡೆಸುವ ಕೌನ್ಸೆಲಿಂಗ್‌ನಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ, ಕಲ್ಯಾಣ ಕರ್ನಾಟಕದವರಿಗೆ 371-ಜೆ ಇದೆ. ಕೇಂದ್ರ ಸಂಸ್ಥೆಗಳಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ ಮೀಸಲಾತಿ ಉಂಟು, ಹಳ್ಳಿ ಶಾಲೆಗೆ, ಕನ್ನಡ ಮಾಧ್ಯಮಕ್ಕೆ ಲೆಕ್ಕವಿಲ್ಲ. ಐಐಎಸ್‌ಸಿ ಇರೋದು ನಮ್ಮ ಮಲ್ಲೇಶ್ವರದ ಪಕ್ಕದಲ್ಲೇ, ನೆನಪಿರಲಿ.

2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ನೀಟ್ ವಿರುದ್ಧ ನಿರ್ಣಯ ಮಾಡಿತು. ಆ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೆ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಕೊಡುವ ಪರೀಕ್ಷೆ ಮೇಲೆ ಇಷ್ಟು ಮಾತಾಡಿದ ನಾವು, ಕೊಡದೇ ಇರುವ ಪರೀಕ್ಷೆ ಬಗ್ಗೆ ಒಂದು ಸಾಲಿನ ಪತ್ರವನ್ನಾದರೂ ಬರೆಯಿರಿ ಅಂತ ನಮ್ಮ ಸಂಸದರನ್ನು ಯಾಕೆ ಕೇಳ್ತಿಲ್ಲ? ಜೆಇಇ ಮೇನ್ ಕನ್ನಡದಲ್ಲಿ ಬರುತ್ತೆ ಅಂದ ಮೇಲೆ 60 ಪ್ರಶ್ನೆಯನ್ನು ಅನುವಾದಿಸೋದು ಅಸಾಧ್ಯವಂತೂ ಅಲ್ಲ.

ಅಕ್ಕನ ಮಗಳಿಗೆ ಹೇಳಿದ್ದು ಇಷ್ಟು: ಗಣಿತ ಬಿಡಬೇಡ, ಎರಡೂ ಅರ್ಜಿ ಹಾಕು. ಒಪ್ಪಿದಳು. ಅವಳದ್ದು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಪಕ್ಕದ ಬೆಂಚಿನವಳು ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಬಂದವಳಂತೆ, ಜೀವಶಾಸ್ತ್ರದಲ್ಲಿ ಇವಳಿಗಿಂತ ಮುಂದೆ. "ಅವಳು ನೀಟ್ ಒಂದೇ ಬರೀತಾಳಂತೆ ಮಾಮ."