ಕಿವಿ ಯಂತ್ರ ಕೊಳ್ಳುವ ಮುನ್ನ



ಕೆಚ್ಚಲು ಬಾವು ಬಂದಿದ್ದ ಹಸುವೊಂದಕ್ಕೆ ಚಿಕಿತ್ಸೆ ಮಾಡಿ, ಅದರ ಮಾಲೀಕರಾದ ಹಿರಿಯ ಸದಸ್ಯರಿಗೆ "ಮೂರು ದಿನ ಡೇರಿಗೆ ಹಾಲು ಹಾಕಬೇಡಿ" ಎಂದು ಹೇಳಿ ಬಂದಿದ್ದೆ. ಅವರು ತಲೆಯಾಡಿಸಿದರು. ಮರುದಿನ ಬೆಳಿಗ್ಗೆಯೇ ಆ ಹಾಲು ಸಂಘಕ್ಕೆ ಬಂತು. ಕಾರ್ಯದರ್ಶಿಗೆ ವಿಷಯ ತಿಳಿಯುವ ವೇಳೆಗೆ ಬೇರೆಯವರ ಹಾಲಿನೊಂದಿಗೆ ಕ್ಯಾನ್ ಸೇರಿತ್ತು. ಔಷಧಿ ಬೆರೆತ 40 ಲೀಟರ್ ಹಾಲನ್ನು ಚೆಲ್ಲಬೇಕಾಯಿತು. ವಿಚಾರಿಸಿದಾಗ, "ಹಾಕಬೇಕು ಅಂದಿರಲ್ಲ ಸಾರ್" ಎಂದು ಅವರು ಕಣ್ಣಲ್ಲಿ ನೀರು ತಂದುಕೊಂಡರು. ತಲೆಯಾಡಿಸಿದ್ದನ್ನೇ ಕೇಳಿಸಿತೆಂದು ತಿಳಿದ ತಪ್ಪು ನನ್ನದೂ ಹೌದು.

ಅವರ ಬಳಿ ಕಿವಿ ಯಂತ್ರ ಇತ್ತು. ಜಾತ್ರೆಯಲ್ಲಿ ಕೊಂಡದ್ದು, ಗೂಡಿನಲ್ಲಿ ಧೂಳು ಹಿಡಿದಿತ್ತು. ಹಾಕಿಕೊಂಡರೆ ಗುಂಯ್ ಎನ್ನುತ್ತದೆ, ಪಾತ್ರೆ ಸದ್ದಿಗೆ ತಲೆ ಸಿಡಿಯುತ್ತದೆ ಎಂಬುದು ಅವರ ದೂರು. ದೂರು ಸರಿಯಾಗಿಯೇ ಇದೆ. ವಯಸ್ಸಿನಿಂದಾಗಲಿ, ವರ್ಷಗಟ್ಟಲೆ ಮೇವು ಕತ್ತರಿಸುವ ಯಂತ್ರ, ಟಿಲ್ಲರುಗಳ ಸದ್ದಿನಿಂದಾಗಲಿ ಬರುವ ಕಿವುಡಿನಲ್ಲಿ ಸಾಮಾನ್ಯವಾಗಿ ಎಲ್ಲ ಶಬ್ದವೂ ಒಂದೇ ಸಮನೆ ಕಡಿಮೆಯಾಗುವುದಿಲ್ಲ. ಮೊದಲು ಹೋಗುವುದು ತೆಳುವಾದ, ಎತ್ತರದ ಸ್ವರಗಳು. ಹಸು ಕೂಗಿದ್ದು ಕೇಳುತ್ತದೆ. ಸ, ಶ, ತ, ಕ ಮುಂತಾದ ಅಕ್ಷರಗಳು ಮಸುಕಾಗುತ್ತವೆ. ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಜಾತ್ರೆಯ ಯಂತ್ರ ಎಲ್ಲವನ್ನೂ ಜೋರು ಮಾಡುತ್ತದೆ, ಅಷ್ಟೆ. ಡಿಜಿಟಲ್ ಯಂತ್ರವಾದರೆ ಶಬ್ದವನ್ನು ಹಲವು ಭಾಗಗಳಾಗಿ ವಿಂಗಡಿಸಿ, ನಿಮ್ಮ ಕಿವಿಗೆ ಎಲ್ಲಿ ಕೊರತೆಯೋ ಅಲ್ಲಿಗೆ ಹೆಚ್ಚು ಬಲ ಕೊಡುತ್ತದೆ. ಹಸುವಿನ ಇಳುವರಿ ನೋಡಿ ಹಿಂಡಿ ಅಳೆದು ಹಾಕಿದಂತೆ. ಆದರೆ ಆ ಕೊರತೆ ಎಷ್ಟೆಂದು ಶ್ರವಣ ಪರೀಕ್ಷೆ ಮಾಡಿಸಿ, ಅದರ ನಕ್ಷೆಯಂತೆ ಕಂಪ್ಯೂಟರಿನಿಂದ ಯಂತ್ರವನ್ನು ಹೊಂದಿಸಬೇಕು. ಹಾಗೆ ಹೊಂದಿಸದಿದ್ದರೆ ಡಿಜಿಟಲ್ ಎಂಬುದು ಬರೀ ಹೆಸರಿಗೆ.

ಆದ್ದರಿಂದ ಮೊದಲು ಕಿವಿ, ಮೂಗು, ಗಂಟಲು ವೈದ್ಯರಲ್ಲಿ ತೋರಿಸಿ. ಗುಗ್ಗೆ ಕಟ್ಟಿದ್ದರೆ ಅದನ್ನು ತೆಗೆಸಿದರೇ ಸಾಕಾಗಬಹುದು. ಕಿವಿ ಸೋರುತ್ತಿದ್ದರೆ, ಒಂದೇ ಕಿವಿ ಮಂದವಾಗಿದ್ದರೆ, ದಿಢೀರನೆ ಕೇಳದಂತಾದರೆ ತಡ ಮಾಡಬಾರದು. (ಜೆಂಟಾಮೈಸಿನ್, ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದುಗಳಿಂದಲೂ ಕಿವಿ ಕೆಡುವುದುಂಟು. ದನಗಳಿಗೆ ಇವನ್ನೇ ಬಳಸುವ ನಾವು ಇದನ್ನು ಓದಿಯೇ ಬಂದವರು.)

ಕೊಳ್ಳುವುದಾದರೆ ಜಿಲ್ಲಾ ಕೇಂದ್ರದ ಸ್ವತಂತ್ರ ಮಾರಾಟಗಾರರಲ್ಲಿ ಕೊಳ್ಳುವುದು ನಮ್ಮಂಥವರಿಗೆ ಅನುಕೂಲವೆಂದು ನನ್ನ ಅಭಿಪ್ರಾಯ. ಒಂದೇ ಕಂಪನಿಗೆ ಕಟ್ಟುಬೀಳದ ಅಂಗಡಿಯಲ್ಲಿ ಹಲವು ತಯಾರಕರ ಯಂತ್ರಗಳನ್ನು ಹೋಲಿಸಿ ನೋಡಬಹುದು. ಅದಕ್ಕಿಂತ ಮುಖ್ಯವಾಗಿ, ಯಂತ್ರ ಒಂದೇ ಸಲಕ್ಕೆ ಹೊಂದುವುದಿಲ್ಲ. ಎರಡು ಮೂರು ಸಲ ಹೋಗಬೇಕಾಗುತ್ತದೆ. ಬೆಳಗಿನ ಹಾಲು ಹಾಕಿ ಹೊರಟವರು ಸಂಜೆ ಹಾಲಿಗೆ ಹಿಂತಿರುಗುವಷ್ಟು ಅಂಗಡಿ ಹತ್ತಿರವಿರಬೇಕು. ಎರಡು ಹೊತ್ತು ಕರೆದು ನೋಡದೆ ಯಾರೂ ಹಸು ಕೊಳ್ಳುವುದಿಲ್ಲ. ಯಂತ್ರವನ್ನೂ ಕೆಲವು ದಿನ ಮನೆಯಲ್ಲಿ ಹಾಕಿ ನೋಡಲು ಕೊಡಿ ಎಂದು ಕೇಳಿ. ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಶ್ರವಣ ತಜ್ಞರೇ ಎಂದು ವಿಚಾರಿಸಲು ಸಂಕೋಚ ಬೇಡ. ಕೆಲವು ಯಂತ್ರಗಳನ್ನು ಮಾರಿದವರ ಮಳಿಗೆಯಲ್ಲಿ ಬಿಟ್ಟು ಬೇರೆಲ್ಲೂ ಹೊಂದಿಸಲಾಗದಂತೆ ಬೀಗ ಹಾಕಿರುತ್ತಾರೆ. ಅಂಗಡಿ ಮುಚ್ಚಿದರೆ ನಿಮ್ಮ ಹಣವೂ ಮುಚ್ಚಿದಂತೆಯೇ. ರಸೀದಿಯಲ್ಲಿ ಯಂತ್ರದ ಕ್ರಮಸಂಖ್ಯೆ, ವಾರಂಟಿ ಅವಧಿ ಬರೆಸಿಕೊಳ್ಳಿ.

ಬೆಲೆ ಕೆಲವು ಸಾವಿರದಿಂದ ಲಕ್ಷದ ಮೇಲೂ ಇದೆ. ಮೊಬೈಲ್ ಜೋಡಣೆಯಂಥ ಸೌಲಭ್ಯಗಳಿಗೆ ಕೊಡುವ ಹಣ ಹೆಚ್ಚು. ಮನೆ, ಸಂಘಗಳಲ್ಲಿ ಮಾತು ಕೇಳಲು ಬಹಳ ಜನರಿಗೆ ಸಾಧಾರಣ ಮಾದರಿಯೇ ಸಾಕು. ಕೊಳ್ಳುವ ಮೊದಲು ಸರ್ಕಾರದ ನೆರವನ್ನೂ ವಿಚಾರಿಸಿ. ಬಡತನ ರೇಖೆಗಿಂತ ಕೆಳಗಿರುವ 60 ವರ್ಷ ಮೇಲ್ಪಟ್ಟವರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣ ಯಂತ್ರವೂ ಸೇರಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯೂ ಆಗುತ್ತದೆ, ಯಂತ್ರವನ್ನೂ ಒದಗಿಸುತ್ತಾರೆ.

ಕಿವಿಯೊಳಗೆ ಅಡಗುವ ಪುಟ್ಟ ಯಂತ್ರಕ್ಕಿಂತ ಕಿವಿಯ ಹಿಂದೆ ಕೂರುವುದು ಒಳ್ಳೆಯದು. ಅದಕ್ಕೆ ಬಳಸುವ 13 ಅಥವಾ 675 ನಂಬರಿನ ಸೆಲ್ಲು ಸ್ವಲ್ಪ ದೊಡ್ಡದು. ಹಾಲು ಕರೆದು ಗಟ್ಟಿಯಾದ ಬೆರಳಿಗೂ ಸಿಗುತ್ತದೆ. ಈ ಸೆಲ್ಲು ಗಾಳಿ ತಾಗಿದರೆ ಮಾತ್ರ ಕೆಲಸ ಮಾಡುವಂಥದ್ದು. ಅಂಟಿಸಿದ ಬಣ್ಣದ ಚೀಟಿ ಕಿತ್ತು, ಒಂದೆರಡು ನಿಮಿಷ ಬಿಟ್ಟು ಹಾಕಿ. ಕಿತ್ತ ಮೇಲೆ ಮತ್ತೆ ಅಂಟಿಸಿಟ್ಟರೆ ಉಳಿತಾಯವೇನೂ ಆಗದು. ಮೊದಲ ವಾರ ಗದ್ದಲವಿಲ್ಲದ ಕಡೆ ದಿನಕ್ಕೆ ಒಂದೆರಡು ಗಂಟೆ ಹಾಕಿ ರೂಢಿ ಮಾಡಿಕೊಳ್ಳಿ.

ನಮ್ಮ ಆ ಸದಸ್ಯರಿಗೆ ಮೂರು ಸಲ ಅಂಗಡಿಗೆ ಹೋಗಿ ಬಂದ ಮೇಲೆ ಯಂತ್ರ ಹೊಂದಿತು. ಹಸುವಿನ ಮೈ ತೊಳೆಯುವಾಗ, ಮಲಗುವಾಗ ಮಾತ್ರ ತೆಗೆದು, ತೇವ ಹೀರುವ ಹರಳಿನ ಡಬ್ಬಿಯಲ್ಲಿಡುತ್ತಾರೆ. ನಾನು ಔಷಧಿಯ ವಿವರ ಹೇಳಿದ ಮೇಲೆ ಅವರು ಅದನ್ನು ನನಗೇ ತಿರುಗಿ ಹೇಳುತ್ತಾರೆ.